ಬಂದೂಕು ವಿಮಾನ ಹತ್ತುವ ಮೊದಲು

"ವಿಮಾನದೊಳಗೆ ಒಬ್ಬ ಕಮಾಂಡೊ ಕುಳಿತಿದ್ದರೆ ನಾವು ನೆಮ್ಮದಿಯಿಂದ ಹೋಗಬಹುದಲ್ಲವೇ ಸರ್?" ಮಂಗಳೂರು, ಉಡುಪಿಯಲ್ಲಿ ವಿಮಾನಯಾನ ಭದ್ರತೆಯ ಬಗ್ಗೆ ಮಾತನಾಡಲು ಹೋದಲ್ಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಕೇಳುವವರಲ್ಲಿ ಹೆಚ್ಚಿನವರ ಮಗನೋ ಗಂಡನೋ ದುಬೈಯಲ್ಲಿ, ದಮಾಮ್‌ನಲ್ಲಿ ದುಡಿಯುತ್ತಿರುತ್ತಾರೆ. ಅವರ ಆತಂಕಕ್ಕೆ ನೇರ ಉತ್ತರ ಸಲ್ಲಬೇಕು. ಅಪಾಯದ ಮುನ್ಸೂಚನೆಯಿರುವ ಕೆಲವು ಮಾರ್ಗಗಳಲ್ಲಿ ಸ್ಕೈ ಮಾರ್ಷಲ್‌ಗಳು, ಅಂದರೆ ಪ್ರಯಾಣಿಕರ ನಡುವೆ ಕೂರುವ ಸಶಸ್ತ್ರ ಕಾವಲುಗಾರರು, ಬೇಕು. ಎಲ್ಲ ವಿಮಾನಗಳಿಗೂ ಅವರನ್ನು ಹತ್ತಿಸಿದರೆ ನಮ್ಮ ಸುರಕ್ಷತೆ ಅಷ್ಟೇನೂ ಹೆಚ್ಚುವುದಿಲ್ಲ.

ನಮ್ಮಲ್ಲಿ ಈ ವ್ಯವಸ್ಥೆ ಬಂದದ್ದು ಕಂದಹಾರ್ ಪ್ರಕರಣದ ನಂತರ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಐಸಿ 814 ವಿಮಾನವನ್ನು ಐವರು ಅಪಹರಿಸಿ ಕೊನೆಗೆ ಅಫ್ಘಾನಿಸ್ತಾನದ ಕಂದಹಾರ್‌ಗೆ ಒಯ್ದರು. ಒಬ್ಬ ಪ್ರಯಾಣಿಕನನ್ನು ಕೊಂದರು. ವರ್ಷದ ಕೊನೆಯ ದಿನ ಮೂವರು ಉಗ್ರರನ್ನು ಬಿಟ್ಟುಕೊಟ್ಟು ಉಳಿದವರನ್ನು ಬಿಡಿಸಿಕೊಳ್ಳಬೇಕಾಯಿತು. ಆ ಮೇಲೆ ಎನ್‌ಎಸ್‌ಜಿ ಎಂಬ ಕೇಂದ್ರದ ಕಮಾಂಡೊ ಪಡೆಯಲ್ಲಿ ಪಳಗಿದವರು ಮಫ್ತಿಯಲ್ಲಿ ಆಯ್ದ ವಿಮಾನಗಳಲ್ಲಿ ಪ್ರಯಾಣಿಸತೊಡಗಿದರು. ಆದರೆ ಆ ಅಪಹರಣಕಾರರ ಆಯುಧಗಳು ಕಠ್ಮಂಡುವಿನ ತಪಾಸಣೆಯನ್ನು ದಾಟಿ ಒಳಬಂದಿದ್ದವು ಎಂಬುದನ್ನು ನಾವು ಬೇಗ ಮರೆತೆವು. ನಿಜವಾದ ವೈಫಲ್ಯ ನೆಲದ ಮೇಲೆ ನಡೆದಿತ್ತು.

ಗಗನದಲ್ಲಿ ಗುಂಡಿನ ಚಕಮಕಿ ನಡೆದರೆ ಏನಾಗಬಹುದು ಎಂಬುದಕ್ಕೆ ಇರಾಕಿ ಏರ್‌ವೇಸ್‌ನ 163ನೇ ವಿಮಾನವಿದೆ. 1986ರ ಡಿಸೆಂಬರ್ 25ರಂದು ಅದು ಬಾಗ್ದಾದಿನಿಂದ ಅಮ್ಮಾನ್‌ಗೆ ಹೊರಟಿತ್ತು. ಒಳಗೆ ಭದ್ರತಾ ಸಿಬ್ಬಂದಿ ಇದ್ದರು, ಅಪಹರಣಕಾರರನ್ನು ತಡೆಯಲು ಅವರು ಹಿಂಜರಿಯಲೂ ಇಲ್ಲ. ಕಾದಾಟದಲ್ಲಿ ಗ್ರೆನೇಡ್ ಸಿಡಿಯಿತು. ವಿಮಾನ ಸೌದಿ ಅರೇಬಿಯಾದ ಅರಾರ್ ಬಳಿ ಅಪ್ಪಳಿಸಿತು. ಒಳಗಿದ್ದ 106 ಜನರಲ್ಲಿ 63 ಮಂದಿ ಸತ್ತರು. ಆ ಕಾವಲುಗಾರರ ಧೈರ್ಯದಲ್ಲಿ ನನಗೆ ಯಾವ ಕೊರತೆಯೂ ಕಾಣುವುದಿಲ್ಲ. ಕೊರತೆ ಇದ್ದದ್ದು ಜಾಗದಲ್ಲಿ. ನಮ್ಮ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಿಂದ ಹಾರುವ ಬೋಯಿಂಗ್ 737ರ ನಡುದಾರಿಯಲ್ಲಿ ಎದುರುಬದುರಾಗಿ ಬಂದ ಇಬ್ಬರು ಮೈ ಓರೆ ಮಾಡದೆ ದಾಟಲಾರರು. ಅಲ್ಲಿ ಗುರಿಯಿಟ್ಟವನ ಹಿಂದೆಯೂ ಮುಂದೆಯೂ ಬೆಲ್ಟ್ ಕಟ್ಟಿಕೊಂಡ ಜನ. ಗುಂಡು ತಗುಲಿ ಗೋಡೆಗೆ ಸಣ್ಣ ತೂತಾದರೆ ವಿಮಾನವೇ ಛಿದ್ರವಾಗುತ್ತದೆ ಎಂಬುದು ಸಿನಿಮಾದ ಕಲ್ಪನೆ, ಅದಕ್ಕೆ ನಾನು ಅಂಜುವುದಿಲ್ಲ. ಗುಂಡು ತಗುಲಬಹುದಾದ ಮನುಷ್ಯರನ್ನು ನೆನೆದು ಅಂಜುತ್ತೇನೆ.

ಇಸ್ರೇಲಿನ ಎಲ್ ಆಲ್ ಸಂಸ್ಥೆಯ ಉದಾಹರಣೆಯನ್ನು ಹಲವರು ಕೊಡುತ್ತಾರೆ. 1970ರ ಸೆಪ್ಟೆಂಬರ್ 6ರಂದು ಅದರ ವಿಮಾನದ ಅಪಹರಣ ವಿಫಲವಾದಾಗ ಕಾವಲುಗಾರನ ಪಾತ್ರವಿತ್ತು, ನಿಜ. ಆದರೆ ಪೈಲಟ್ ವಿಮಾನವನ್ನು ಒಮ್ಮೆಲೇ ಕೆಳಮುಖವಾಗಿ ಧುಮುಕಿಸಿ ಅಪಹರಣಕಾರರ ಕಾಲು ತಪ್ಪಿಸಿದ್ದೂ ಅಷ್ಟೇ ಮುಖ್ಯವಾಗಿತ್ತು.

2001ರ ಸೆಪ್ಟೆಂಬರ್ 11ರ ಅಮೆರಿಕದ ದಾಳಿಯ ನಂತರ ಲೆಕ್ಕಾಚಾರವೇ ಬದಲಾಯಿತು. 2003ರ ನವೆಂಬರ್‌ನಿಂದ ದೊಡ್ಡ ಪ್ರಯಾಣಿಕ ವಿಮಾನಗಳ ಕಾಕ್‌ಪಿಟ್‌ಗೆ ಗುಂಡು ನಿರೋಧಕ ಬಾಗಿಲು ಕಡ್ಡಾಯವಾಯಿತು. ಮಾರ್ಕ್ ಸ್ಟೂವರ್ಟ್ ಮತ್ತು ಜಾನ್ ಮುಲ್ಲರ್ ಎಂಬ ಸಂಶೋಧಕರು 2008ರಲ್ಲಿ ಅಮೆರಿಕದ ಖರ್ಚನ್ನು ತೂಗಿ ನೋಡಿದರು. ಒಂದು ಜೀವ ಉಳಿಸಲು ಗಟ್ಟಿ ಬಾಗಿಲಿಗೆ ಸುಮಾರು 8 ಲಕ್ಷ ಡಾಲರ್, ಸ್ಕೈ ಮಾರ್ಷಲ್‌ಗಳಿಗೆ ಸುಮಾರು 18 ಕೋಟಿ ಡಾಲರ್ ಬೀಳುತ್ತದೆ ಎಂಬುದು ಅವರ ಅಂದಾಜು. ಬಾಗಿಲಿಗೂ ಮಿತಿಯಿದೆ. 2015ರ ಮಾರ್ಚ್‌ನಲ್ಲಿ ಜರ್ಮನ್‌ವಿಂಗ್ಸ್ ವಿಮಾನದ ಸಹಪೈಲಟ್ ಅದೇ ಬಾಗಿಲನ್ನು ಒಳಗಿನಿಂದ ಭದ್ರಪಡಿಸಿ, ಕ್ಯಾಪ್ಟನ್‌ನನ್ನು ಹೊರಗಿಟ್ಟು, ವಿಮಾನವನ್ನು ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿ 150 ಜನರ ಸಾವಿಗೆ ಕಾರಣನಾದ.

ಇನ್ನು ನಮ್ಮೂರಿಗೆ ಬರೋಣ. 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದ ಟಿಕೆಟ್ ಕೌಂಟರ್ ಬಳಿ ವಾರಸುದಾರರಿಲ್ಲದ ಚೀಲವೊಂದು ನಿಲ್ದಾಣ ಕಾಯುವ ಕೇಂದ್ರ ಪಡೆ ಸಿಐಎಸ್‌ಎಫ್‌ನ ಸಿಬ್ಬಂದಿಯ ಕಣ್ಣಿಗೆ ಬಿತ್ತು. ಒಳಗೆ ಸ್ಫೋಟಕವಿತ್ತು. ಅದನ್ನು ವಿಶೇಷ ವಾಹನದಲ್ಲಿ ಕೆಂಜಾರಿನ ಬಯಲಿಗೆ ಒಯ್ದು ಸಂಜೆ ಸಿಡಿಸಿದರು. ಯಾರಿಗೂ ಗಾಯವಾಗಲಿಲ್ಲ. ಅಂದು ಎಲ್ಲ ವಿಮಾನಗಳಲ್ಲಿ ಮಾರ್ಷಲ್‌ಗಳಿದ್ದರೂ ಆ ಚೀಲದ ವಿಷಯದಲ್ಲಿ ಏನೂ ಮಾಡಲಾಗುತ್ತಿರಲಿಲ್ಲ. ಚೀಲ ಯಾರದೆಂದು ಕೇಳುವ ಅಭ್ಯಾಸ ನಮ್ಮನ್ನು ಉಳಿಸಿತು.

ಯಾತ್ರಿಕನಿಲ್ಲದೆ ಅವನ ಚೀಲ ಹಾರಕೂಡದು ಎಂಬ ನಿಯಮದ ಹಿಂದೆಯೂ ರಕ್ತದ ಕಲೆಯಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನವನ್ನು ಕೆಡವಿ 329 ಜನರನ್ನು ಕೊಂದ ಬಾಂಬು, ಒಡೆಯ ಹತ್ತದೆ ಕಳುಹಿಸಿದ ಸೂಟ್‌ಕೇಸಿನಲ್ಲಿತ್ತು. ಬೋರ್ಡಿಂಗ್ ಪಾಸ್ ಪಡೆದವರು ಬಾರದಿದ್ದಾಗ ನಾವು ವಿಮಾನದ ಹೊಟ್ಟೆಭಾಗದಿಂದ ಸಾಮಾನು ಇಳಿಸಿ ಹುಡುಕುತ್ತೇವೆ. "ಒಬ್ಬನಿಗಾಗಿ ನಮ್ಮೆಲ್ಲರನ್ನೂ ಕಾಯಿಸುತ್ತೀರಾ?" ಎಂದು ಪ್ರಯಾಣಿಕರು ರೇಗುತ್ತಾರೆ. ಕಾಯಿಸಲೇಬೇಕು. ಈ ಒಂದು ವಿಷಯದಲ್ಲಿ ನಾನು ಯಾರೊಂದಿಗೂ ರಾಜಿ ಮಾಡಿಕೊಂಡಿಲ್ಲ.

ನಮ್ಮ ಕೌಂಟರಿನಲ್ಲಿ ದಿನನಿತ್ಯ ಸಿಗುವ ಅಪಾಯವಂತೂ ಬೇರೆಯೇ. ಗಲ್ಫ್ ವಿಮಾನಕ್ಕೆ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ ಬರುತ್ತದೆ. ತೆರೆದರೆ ಹಲಸಿನ ಹಪ್ಪಳ, ಒಣಮೀನು, ಉಪ್ಪಿನಕಾಯಿ, ಅವುಗಳ ನಡುವೆ ಲುಂಗಿಯಲ್ಲಿ ಸುತ್ತಿದ ಪವರ್ ಬ್ಯಾಂಕ್. ಲಿಥಿಯಂ ಬ್ಯಾಟರಿ ಕ್ಯಾಬಿನ್‌ನಲ್ಲಿ ಹೊತ್ತಿಕೊಂಡರೆ ಸಿಬ್ಬಂದಿ ನೀರು ಸುರಿದು ತಣಿಸಬಲ್ಲರು. ಸಾಮಾನಿನ ಗೂಡಿನಲ್ಲಿ ಹೊತ್ತಿಕೊಂಡರೆ ಅಲ್ಲಿ ಯಾರ ಕೈಯೂ ತಲುಪುವುದಿಲ್ಲ. 2010ರ ಸೆಪ್ಟೆಂಬರ್ 3ರಂದು ದುಬೈಯಲ್ಲಿ ಇಂಥ ಬ್ಯಾಟರಿಗಳಿದ್ದ ಸರಕು ವಿಮಾನ ಬೆಂಕಿಗೆ ಬಲಿಯಾಗಿ ಇಬ್ಬರು ಪೈಲಟ್‌ಗಳು ತೀರಿಕೊಂಡರು. "ಅಮ್ಮಾ, ಇದನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ" ಎಂದು ಹೇಳಿದಾಗ ನಮ್ಮ ಹುಡುಗರು ಕಾರಣವನ್ನೂ ಹೇಳಬೇಕೆಂದು ತರಬೇತಿಯಲ್ಲಿ ಒತ್ತಾಯಿಸುತ್ತೇನೆ. ಕಾರಣ ತಿಳಿದ ತಾಯಿ ಮುಂದಿನ ಸಲ ತಾನೇ ಎಚ್ಚರ ವಹಿಸುತ್ತಾಳೆ.

ಹೆಚ್ಚುವರಿ ಹಣ ಸಿಕ್ಕಿದರೆ ಎಲ್ಲಿ ಹಾಕುತ್ತೀರಿ ಎಂದು ಕೇಳಿದರೆ, ಎಕ್ಸ್‌ರೇ ಪರದೆಯ ಮುಂದೆ ಎನ್ನುತ್ತೇನೆ. ಅಲ್ಲಿ ಒಬ್ಬರನ್ನು ಸತತವಾಗಿ 20 ನಿಮಿಷಕ್ಕಿಂತ ಹೆಚ್ಚು ಕೂರಿಸಬಾರದು, ಆಮೇಲೆ ಕಣ್ಣು ನೋಡಿದರೂ ಮನಸ್ಸು ಗುರುತಿಸುವುದಿಲ್ಲ. ನಡುರಾತ್ರಿ ಎರಡು ವಿಮಾನಗಳ ಪ್ರಯಾಣಿಕರು ಒಟ್ಟಿಗೆ ಸೇರಿದಾಗ ಸರದಿ ಬದಲಿಸಲು ಇನ್ನೊಬ್ಬರು ಪಕ್ಕದಲ್ಲೇ ಸಿದ್ಧರಿರಬೇಕು. ಒಬ್ಬ ಮಾರ್ಷಲ್ ಒಂದು ವಿಮಾನವನ್ನಷ್ಟೇ ಕಾಯಬಲ್ಲ. ಆ ಪರದೆಯ ಮುಂದಿರುವವರು ಅಂದಿನ ಪಾಳಿಯಲ್ಲಿ ಹೊರಡುವ ಪ್ರತಿಯೊಂದು ವಿಮಾನವನ್ನೂ ಕಾಯುತ್ತಾರೆ.