ಮುಂಭಾರದ ಕುದುರೆಗೆ ಲಗಾಮು ಜಗ್ಗಬೇಡಿ

"ತಲಿ ಎತ್ತವಲ್ದು ಸರ್ ಇದು. ಎಳದೆಳದು ನನ್ನ ಕೈ ಬಿದ್ದುಹೋದ್ವು."

ಬಳ್ಳಾರಿಯಲ್ಲಿ ಸವಾರಿ ಕಲಿಸುವ ನನಗೆ ಈ ಮಾತು ವಾರಕ್ಕೆ ಎರಡು ಸಲವಾದರೂ ಕೇಳಿಸುತ್ತದೆ. ಟ್ರಾಟ್‌ನಲ್ಲಿ, ಅಂದರೆ ಸಣ್ಣ ಓಟದಲ್ಲಿ, ಕುದುರೆ ಚೆನ್ನಾಗಿಯೇ ಇರುತ್ತದೆ. ಕ್ಯಾಂಟರ್‌ಗೆ, ಅಂದರೆ ಅದಕ್ಕಿಂತ ಜೋರಾಗಿ ನೆಗೆಯುತ್ತಾ ಓಡುವುದಕ್ಕೆ, ಬಂದದ್ದೇ ತಡ, ಕುತ್ತಿಗೆ ಕೆಳಗೆ, ವೇಗ ಜಾಸ್ತಿ, ತಿರುವಿನಲ್ಲಿ ಭುಜ ಒಳಕ್ಕೆ ವಾಲುತ್ತದೆ. ಸವಾರ ಜಗ್ಗುತ್ತಾನೆ. ಅದು ಇನ್ನೂ ಮುಂದಕ್ಕೆ ಬೀಳುತ್ತದೆ. ಆಮೇಲೆ ಮುಳ್ಳಿನ ಕಡಿವಾಣ ತರಲಾ ಅಂತ ಕೇಳುತ್ತಾನೆ. ಬೇಡಪ್ಪಾ, ಬೇಡ.

ಬಂಡಿ ಹೇರುವುದನ್ನು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಮೂಟೆಗಳೆಲ್ಲ ಮುಂದೆ ಬಿದ್ದರೆ ಬಂಡಿ ಮುಂಭಾರವಾಗುತ್ತದೆ, ನೊಗ ಎತ್ತಿನ ಹೆಗಲು ಒತ್ತುತ್ತದೆ. ಆಗ ನೊಗ ಹಿಡಿದು ಎತ್ತಿದರೆ ಏನೂ ಆಗಲ್ಲ, ಮೂಟೆ ಹಿಂದಕ್ಕೆ ಸರಿಸಬೇಕು. ಕುದುರೆ ಸುಮ್ನೆ ನಿಂತಾಗಲೂ ಅದರ ತೂಕ ಅರ್ಧಕ್ಕಿಂತ ಜಾಸ್ತಿ ಮುಂಗಾಲುಗಳ ಮೇಲೆಯೇ ಇರುತ್ತದೆ. ಸಾಲದ್ದಕ್ಕೆ ನಾವು ಬೇರೆ ಹತ್ತಿ ಕೂರುತ್ತೇವೆ. ಆ ಭಾರ ಹಿಂದಕ್ಕೆ ಹೋಗಬೇಕಾದರೆ ಹಿಂಗಾಲು ಹೊಟ್ಟೆಯ ಕೆಳಗೆ ಬರಬೇಕು. ಬಿಗಿಹಿಡಿದ ಲಗಾಮು ಕುದುರೆಗೆ ಗೋಡೆ ಇದ್ದ ಹಾಗೆ. ಒರಗಿಕೊಳ್ಳುತ್ತದೆ. ಗೋಡೆ ಸಿಕ್ಕರೆ ಯಾರು ಒರಗಲ್ಲ, ಹೇಳಿ?

"ಹತ್ತು ಸುತ್ತು ಓಡಿಸಿದ್ರೆ ಸರಿಹೋಗ್ತದ" ಅನ್ನುವವರೂ ಇದ್ದಾರೆ. ಕ್ಯಾಂಟರ್‌ಗೆ ಮೂರು ತಾಳ. ಮೊದಲು ಹೊರಗಿನ (ವೃತ್ತದ ಹೊರಬದಿಯ) ಹಿಂಗಾಲು, ಆಮೇಲೆ ಒಳಗಿನ ಹಿಂಗಾಲು ಮತ್ತು ಹೊರಗಿನ ಮುಂಗಾಲು ಒಟ್ಟಿಗೆ, ಕೊನೆಗೆ ಒಳಗಿನ ಮುಂಗಾಲು. ಟ್ರಾಟ್‌ನಿಂದ ಏಳುವಾಗ ಮೈ ಎತ್ತುವ ಕೆಲಸ ಆ ಹೊರಗಿನ ಹಿಂಗಾಲಿನದು, ಹಾಗಾಗಿ ಮತ್ತೆ ಮತ್ತೆ ಎಬ್ಬಿಸಿದರೇ ಅದಕ್ಕೆ ಬಲ. ಗರಡಿಯಲ್ಲಿ ತೊಡೆಗೆ ಬಲ ಬರುವುದು ಬೈಠಕ್ ಹೊಡೆದು, ಊರು ಸುತ್ತಿ ಅಲ್ಲ. ಸುಸ್ತಾದ ಕುದುರೆ ಮತ್ತೆ ಮುಂಗಾಲಿಗೇ ಬೀಳುತ್ತದೆ.

ಹಾಗಾಗಿ ನಾನು ಮಾಡಿಸುವುದು ಇಷ್ಟೇ. 20 ಮೀಟರ್ ವೃತ್ತದಲ್ಲಿ ಟ್ರಾಟ್. ಕ್ಯಾಂಟರ್‌ಗೆ ಎಬ್ಬಿಸಿ ಆರು ನೆಗೆತ ಎಣಿಸಿ. ವಾಲುವ ಮೊದಲೇ ಮತ್ತೆ ಟ್ರಾಟ್. ಅರ್ಧ ಸುತ್ತು ಸುಧಾರಿಸಿಕೊಳ್ಳಲಿ, ಮತ್ತೆ ಎಬ್ಬಿಸಿ. ಇಳಿಸುವಾಗ ಬೆನ್ನು ನೆಟ್ಟಗೆ, ಮುಷ್ಟಿ ಒಂದು ಸಲ ಬಿಗಿದು ತಕ್ಷಣ ಸಡಿಲ. ಬಿಗಿಯುವುದು ಎಲ್ಲರಿಗೂ ಕೇಳಿಸುತ್ತದೆ. "ತಕ್ಷಣ ಸಡಿಲ" ಅಂದದ್ದು ಮಾತ್ರ ಒಬ್ಬರಿಗೂ ಕೇಳಿಸಲ್ಲ! ಸರಿಯಾಗುತ್ತಿದೆಯಾ ಅಂತ ನೋಡಬೇಕಾ? ಕ್ಯಾಂಟರ್‌ನಲ್ಲಿ ಒಳಗಿನ ಕೈಯನ್ನು ಎರಡು ನೆಗೆತದ ಮಟ್ಟಿಗೆ ಕುತ್ತಿಗೆಯ ಕಡೆ ಮುಂದಕ್ಕೆ ಬಿಡಿ. ವೇಗ, ವೃತ್ತ ಎರಡೂ ಹಾಗೇ ಉಳಿದರೆ ಕುದುರೆ ತನ್ನನ್ನು ತಾನೇ ಹೊತ್ತಿದೆ. ಕೆಟ್ಟರೆ ನೀವು ಹೊತ್ತಿದ್ದಿರಿ. ವೃತ್ತವನ್ನು 15 ಮೀಟರ್‌ಗೆ ಇಳಿಸಿ ಮತ್ತೆ ಹಿಗ್ಗಿಸುವುದು, ನೆಲದ ಮೇಲೆ ಗಳ ಹಾಕಿ ದಾಟಿಸುವುದು ಆಮೇಲಿನ ಮಾತು.

ಒಂದು ಎಚ್ಚರಿಕೆ. ಒಂದೇ ಬದಿಗೆ ಪದೇ ಪದೇ ಕೆಟ್ಟರೆ ತಾಲೀಮು ನಿಲ್ಲಿಸಿ. ಬೆನ್ನು, ಹಲ್ಲು, ಕಾಲು ಪಶುವೈದ್ಯರಿಗೆ ತೋರಿಸಿ. ಜೀನು ಒತ್ತುತ್ತಿದೆಯಾ ನೋಡಿ. ನಾನು ಡಾಕ್ಟರ್ ಅಲ್ಲ. ಸಿರುಗುಪ್ಪ ಕಡೆಯ ಎರೆಹೊಲದಲ್ಲಿ ಬೇಸಿಗೆಗೆ ಗೊರಸು ಹೋಗುವಷ್ಟು ಬಿರುಕು, ಮಳೆಗೆ ಜಾರು. ಎರಡೂ ಕಾಲದಲ್ಲಿ ಅಲ್ಲಿ ಕ್ಯಾಂಟರ್ ಬೇಡ.

ಕುದುರೆಗೆ ದುಡ್ಡು ಸುರಿಯುವುದು ನಮ್ಮ ಸೀಮೆಗೆ ಹೊಸದಲ್ಲ. ವಿಜಯನಗರದ ಅರಸ ಸಾಳುವ ನರಸಿಂಹ ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಹಣ ಕೊಡುತ್ತಿದ್ದ ಅಂತ ಪೋರ್ಚುಗೀಸಿನ ನೂನಿಜ್ ಬರೆದಿದ್ದಾನೆ. ಹೋದ ವರ್ಷ ಮಾರ್ವಾಡಿ ತಳಿಯ ಹೆಣ್ಣುಕುದುರೆ ತಂದ ಹುಡುಗನೂ ಅದೇ ಪೈಕಿ. ಒಳಕ್ಕೆ ಬಾಗಿ ತುದಿ ಕೂಡುವ ಕಿವಿ, ಒಳ್ಳೇ ಜಾತಿ. ಲಗಾಮಿಗೆ ಗಂಟು ಹಾಕಿ ಕುತ್ತಿಗೆ ಮೇಲೆ ಬಿಟ್ಟು, ಉದ್ದ ಹಗ್ಗದ ತುದಿ ನಾನು ಹಿಡಿದೆ. "ಕೈ ಎಲ್ಲಿಡ್ಲಿ ಸರ್?" ಅಂದ. ತೊಡೆ ಮೇಲೆ ಅಂದೆ. ನಾಲ್ಕನೇ ಸಲಕ್ಕೆ ಕುದುರೆ ಬೆನ್ನು ಉಬ್ಬಿಸಿ, ಮೂಗು ಊದಿ, ಆರು ನೆಗೆತ ಹಗುರಾಗಿ ಹಾಕಿತು. ಹುಡುಗ ಏನೂ ಮಾತಾಡಲಿಲ್ಲ. ಇಳಿದು ಅದರ ಕುತ್ತಿಗೆ ತಟ್ಟುತ್ತಾ ನಿಂತ.

ಮಾರನೇ ದಿನ ವಿಡಿಯೊ ಕಳಿಸಿದ. ಮತ್ತೆ ಜಗ್ಗುತ್ತಿದ್ದ.