ಅನ್ನನಾಳ ಹಿಗ್ಗಿಸೋಕೆ ಮುಂಚೆ ಕೊಡ್ತಿದ್ದ ಇಂಜೆಕ್ಷನ್ ಈಗ ಯಾಕಿಲ್ಲ

ತೀರ್ಥಹಳ್ಳಿ ಕಡೆ ಇರೋ ನಮ್ಮತ್ತೆಗೆ ಅನ್ನನಾಳ ಕಿರಿದಾಗಿ ಕಡುಬು ಹಾಗಿರ್ಲಿ, ಮೆತ್ತಗೆ ಬೆಂದ ಅನ್ನನೂ ಎದೆ ಹತ್ರ ಸಿಕ್ಕಾಕೊಳ್ತಿತ್ತು, ಗಂಜಿ ತಿಳಿ ಮಾತ್ರ ಇಳೀತಿತ್ತು. ಶಿವಮೊಗ್ಗದಲ್ಲಿ ಎಂಡೋಸ್ಕೋಪಿ ಮಾಡಿ ಬಲೂನ್‌ನಿಂದ ಹಿಗ್ಗಿಸ್ಬೇಕು ಅಂದ್ರು. ಅತ್ತೆ ಕೇಳಿದ್ದು ಒಂದೇ: "ಚಿಕ್ಕೋಳಿದ್ದಾಗ ಗಂಟು ಊದಿ ಜ್ವರ ಬಂದು ಹಾರ್ಟ್ ವಾಲ್ವ್ ಹಾಳಾಗಿದೆ, ಮೊದ್ಲೇ ಇಂಜೆಕ್ಷನ್ ಕೊಡಲ್ವಾ ಡಾಕ್ಟ್ರೇ?" ಸೋಂಕು ಆಗ್ದಿರ್ಲಿ ಅಂತ ಮುಂಚೆನೇ ಕೊಡೋ ಆಂಟಿಬಯೋಟಿಕ್ ಅದು, ಹಿಂದೆ ಹಲ್ಲು ಕೀಳಿಸ್ದಾಗ ಕೊಟ್ಟಿದ್ರಂತೆ. ಈಗ ಬೇಡ ಅಂದ್ರು, ಅವ್ರಿಗೆ ಗಾಬರಿ ಆಯ್ತು.

ನಾಳ ಹಿಗ್ಗಿಸೋದು ಹೊಸದೇನಲ್ಲ. 1674ರಲ್ಲೇ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ತಿಮಿಂಗಿಲದ ಎಲುಬಿನ ಕಡ್ಡಿ ತುದಿಗೆ ಸ್ಪಂಜ್ ಕಟ್ಟಿ ಒಬ್ಬ ರೋಗಿಯ ಊಟ ಒಳಗೆ ತಳ್ಳಿಸಿದ್ದ. ಆಮೇಲೆ ಪಾದರಸ ತುಂಬಿದ ರಬ್ಬರ್ ನಳಿಗೆ ಬಂತು, ತಂತಿ ಮೇಲೆ ಜಾರಿಸೋ ಪ್ಲಾಸ್ಟಿಕ್ ಕಡ್ಡಿ ಬಂತು, ಬಲೂನ್ ಬಂತು. ಯಾವ್ದ್ರಲ್ಲಿ ಹಿಗ್ಗಿಸಿದ್ರೂ ಗಾಯದ ಕಲೆಯಿಂದ ಬಿಗಿದ ಜಾಗ ಸ್ವಲ್ಪ ಹರೀಲೇಬೇಕು, ಹರಿದ ಕಡೆಯಿಂದ ಬಾಯಲ್ಲಿರೋ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತೆ. ರಕ್ತ ಪರೀಕ್ಷೆ ಮಾಡಿ ನೋಡ್ದಾಗ ನೂರರಲ್ಲಿ 12ರಿಂದ 22 ಜನರಲ್ಲಿ ಹೀಗಾಗಿದ್ದು ಕಂಡಿದೆ, ಸುಮ್ನೆ ಎಂಡೋಸ್ಕೋಪಿ ಮಾಡೋದಕ್ಕಿಂತ ಇದು ಎಷ್ಟೋ ಜಾಸ್ತಿ. ಆ ಬ್ಯಾಕ್ಟೀರಿಯಾ ಕೆಟ್ಟ ವಾಲ್ವ್‌ಗೆ ಅಂಟ್ಕೊಂಡ್ರೆ ಹೃದಯದ ಒಳಪದರಕ್ಕೇ ಸೋಂಕು.

ಈ ಭಯದಿಂದ್ಲೇ ಅಮೆರಿಕದ ಹಾರ್ಟ್ ಅಸೋಸಿಯೇಷನ್ 1955ರಿಂದ ಮುಂಚಿತ ಆಂಟಿಬಯೋಟಿಕ್ ಬಗ್ಗೆ ಸಲಹೆ ಕೊಡ್ತಾ ಬಂತು, 1997ರ ಪಟ್ಟಿಯಲ್ಲಿ ಅನ್ನನಾಳ ಹಿಗ್ಗಿಸೋದೂ ಇತ್ತು. 2007ರಲ್ಲಿ ಅದನ್ನ ಕೈಬಿಟ್ರು. ಯಾಕಂದ್ರೆ ದಿನಾ ಬ್ರಷ್ ಮಾಡ್ವಾಗ್ಲೂ ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗ್ತಾನೇ ಇರುತ್ತೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ದೇಹವೇ ತೊಳ್ದು ಹಾಕುತ್ತೆ, ಯಾವಾಗ್ಲೋ ಒಂದ್ಸಲ ಕೊಡೋ ಔಷಧಿಯಿಂದ ಸೋಂಕು ತಪ್ತು ಅನ್ನೋಕೆ ಗಟ್ಟಿ ಪುರಾವೆ ಇರ್ಲಿಲ್ಲ. ಹಲ್ಲಿನ ಕೆಲಸಕ್ಕೆ ಮಾತ್ರ ಕೃತಕ ವಾಲ್ವ್ ಇದ್ದೋರು, ಒಮ್ಮೆ ಈ ಸೋಂಕು ಬಂದಿದ್ದೋರು, ಹುಟ್ಟಿನಿಂದ ಕೆಲವು ಬಗೆಯ ಹೃದಯದ ತೊಂದ್ರೆ ಇದ್ದೋರು ಹೀಗೆ ಕೆಲವ್ರಿಗೆ ಉಳಿಸ್ಕೊಂಡ್ರು. ಅತ್ತೆಯಂಥ ವಾಲ್ವ್ ಅದ್ರಲ್ಲೂ ಇಲ್ಲ.

ಇನ್ನೊಂದು, ನಮ್ ಕಡೆ ತುಂಬಾ ಜನಕ್ಕೆ ಗೊಂದಲ ಇರೋ ವಿಷ್ಯ: ಮೂರು ವಾರಕ್ಕೊಮ್ಮೆ ಪೃಷ್ಠಕ್ಕೆ ಚುಚ್ಚಿಸ್ಕೊಳ್ಳೋ ಪೆನಿಡ್ಯೂರ್ (ಪೆನಿಸಿಲಿನ್ ಇಂಜೆಕ್ಷನ್) ಅತ್ತೆಗೆ ಬಂದಿದ್ದಂಥ ಗಂಟುವಾತದ ಜ್ವರ ಮರುಕಳಿಸದೇ ಇರ್ಲಿ ಅಂತ, ವಾಲ್ವ್‌ಗೆ ಸೋಂಕು ಆಗೋದನ್ನ ತಡೆಯೋಕೆ ಅದು ಸಾಲಲ್ಲ. ಅದನ್ನ ತಪ್ಪಿಸ್ಬೇಡಿ, ಆದ್ರೆ ಅದ್ರ ಮೇಲೇ ಭರವಸೆ ಇಟ್ಟು ಡಾಕ್ಟ್ರಿಗೆ ವಾಲ್ವ್ ವಿಷ್ಯ ಹೇಳ್ದೇ ಇರ್ಬೇಡಿ. ಬಾಯಿ ಸ್ವಚ್ಛ ಇಟ್ಕೊಳ್ಳೋದು ದೊಡ್ಡ ರಕ್ಷಣೆ, ದಿನಾ ಕವಳ ಹಾಕೋರಿಗಂತೂ.

ನಂಗೆ ನಿಜವಾಗ್ಲೂ ಹೆದರಿಕೆ ಇದ್ದಿದ್ದು ನಾಳ ತೂತು ಬೀಳೋದ್ರ ಬಗ್ಗೆ, ಅದು ಅಪರೂಪ, ಆದ್ರೆ ಬಿದ್ರೆ ಎದೆಯೊಳಗೆಲ್ಲ ಸೋಂಕು ಹರಡುತ್ತೆ. ಹಿಗ್ಗಿಸಿದ್ಮೇಲೆ ಎದೆನೋವು ಏರ್ತಾ ಹೋದ್ರೆ, ಜ್ವರ ಬಂದ್ರೆ, ಕುತ್ತಿಗೆ ಊದಿದ್ರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗ್ಲಿ ಅಂತ ಕೂರೋ ಹಾಗಿಲ್ಲ. ಮಳೆಗಾಲದ ರಾತ್ರಿ ತೀರ್ಥಹಳ್ಳಿ ಆಚೆಯ ಹಳ್ಳಿಯಿಂದ ಗಾಡಿ ಹುಡುಕ್ತಾ ಕೂತ್ರೆ ತಡ ಆಗೋಗುತ್ತೆ, ಹಂಗಾಗಿ ಹಿಗ್ಗಿಸಿದ ದಿನ ರಾತ್ರಿ ಅತ್ತೇನ ಊರಿಗೆ ಬಿಡ್ದೆ ಶಿವಮೊಗ್ಗದ ವಿನೋಬನಗರದಲ್ಲಿ ನೆಂಟರ ಮನೇಲೇ ಮಲಗಿಸಿದ್ವಿ. ಬೆಳಿಗ್ಗೆ ಹೊತ್ತಿಗೆ ಜ್ವರ ಇರ್ಲಿಲ್ಲ, ಹಾಲಲ್ಲಿ ನೆನ್ಸಿದ ಇಡ್ಲಿ ಅರ್ಧ ಇಳೀತು.