ಹಿಂಭಾರ ಮಾಡಬ್ಯಾಡ್ರೋ ಅಂದ್ರ ಕೇಳಂಗಿಲ್ಲ

ಕಾರಟಗಿ ಕಡೆ ನಂದೊಂದು ವೆಲ್ಡಿಂಗ್ ಶೆಡ್ ಐತಿ. ಮಿನಿ ಟ್ರ್ಯಾಕ್ಟರಿಗೆ, ಜೀಪಿಗೆ ಹಾಕೋ ಎರಡು ಗಾಲಿ ಸಣ್ಣ ಟ್ರೇಲರ್ ಮಾಡ್ತೀನಿ, ಹಳೇವು ರಿಪೇರಿಗೂ ಬರ್ತಾವ. ಭತ್ತದ ಕೊಯ್ಲು ಶುರುವಾತು ಅಂದ್ರ ಯಾರರೆ ಒಬ್ರು ಬಂದು "ಅಣ್ಣಾ, ಕೊಂಡಿ ಸವದೈತಿ, ಪಿನ್ ಬದಲಿ ಮಾಡಿಕೊಡು" ಅಂತಾರ. ನಾ ಪಿನ್ ಆಮೇಲೆ ನೋಡ್ತೀನಿ, ಮೊದಲು ಕೊಂಡಿ, ಅಂದ್ರ ಟ್ರೇಲರ್ ಸಿಗಿಸೋ ಎರಡು ಪ್ಲೇಟಿನ ಜಾಗ, ನೋಡ್ತೀನಿ. ಕೊಂಡಿಯ ಮ್ಯಾಲಿನ ಪ್ಲೇಟು ಬೆಳ್ಳಿ ಹಂಗ ಹೊಳಿತಿದ್ದು, ಕೆಳಗಿನ ಪ್ಲೇಟು ತುಕ್ಕು ಹಿಡದು ಹಂಗೇ ಇದ್ರ ಕಥಿ ಮುಗೀತು. ಟ್ರೇಲರಿನ ಮುಂದಿನ ಎಳಿಯೋ ಕಂಬಿ, ಅಂದ್ರ ಡ್ರಾಬಾರ್, ಕೆಳಗ ಕುಂತಿಲ್ಲ, ದಾರಿತುಂಬ ಮ್ಯಾಲಕ್ಕ ಎತ್ತಿ ಎತ್ತಿ ಬಡದೈತಿ. ಹಿಂಭಾರ ಹೇರ್ಯಾರ, ಗಾಲಿಯ ಹಿಂದ ಭಾರ ಜಾಸ್ತಿ ಆಗೈತಿ ಅಂತ ಅರ್ಥ.

ಇದನ್ನ ಹೇಳಿದ್ರ "ಏನಾಗಲ್ಲ ಬಿಡು, ಹತ್ತು ವರ್ಷದಿಂದ ಹಿಂಗ ಹೊಡಿಯಾಕತ್ತೀನಿ" ಅಂತಾರ. ಇವರೆಲ್ಲ ಎತ್ತಿನ ಬಂಡಿ ಹೂಡಿದ ಮನಿಯವರೇ ಮತ್ತ. ಬಂಡಿ ಹಿಂಭಾರ ಆದ್ರ ನೊಗ ಮ್ಯಾಲಕ್ಕ ಏಳ್ತೈತಿ, ಕೊರಳ ಹಗ್ಗ ಎತ್ತಿನ ಗಂಟಲು ಹಿಸುಕ್ತೈತಿ, ಎತ್ತು ಕತ್ತು ಮ್ಯಾಲೆ ಮಾಡಿ ಒದ್ದಾಡ್ತೈತಿ, ಆಗ ನಮ್ಮಪ್ಪ ಇಳದು ಹಿಂದಿನ ಚೀಲ ಮುಂದಕ್ಕ ಜಗ್ಗಿ ಹಾಕ್ತಿದ್ದ. ಭಾಳ ಮುಂಭಾರ ಆದ್ರೂ ಎತ್ತಿನ ಹೆಗಲು ಕಿತ್ತು ಹೋಗ್ತೈತಿ ಅಂತ ಅದಕ್ಕೂ ಬೈತಿದ್ದ. ಎತ್ತು ಬಾಯಿಲ್ಲದ್ದು ಅಂತೀವಿ, ಆದ್ರ ಅದು ಹೇಳ್ತಿತ್ತು. ಟ್ರ್ಯಾಕ್ಟರ್ ಹೇಳಂಗಿಲ್ಲ, ಸುಮ್ನ ಎಳಕೊಂಡು ಹೋಗ್ತೈತಿ, ಎಲ್ಲೀತನಕ ಅಂದ್ರ ಬ್ರೇಕ್ ಒತ್ತೋತನಕ.

ಬ್ರೇಕಿನ ಮಾತು ಸ್ವಲ್ಪ ಸಮಾಧಾನದಿಂದ ಓದ್ರಿ, ಇದನ್ನೇ ಯಾರೂ ತಲಿಗೆ ಹಾಕ್ಕೊಳ್ಳಂಗಿಲ್ಲ. ನಮ್ಮ ಕಡೆ ಓಡಾಡೋ ಟ್ರ್ಯಾಕ್ಟರ್‌ಗಳಿಗೆ ಸಾಮಾನ್ಯವಾಗಿ ಬ್ರೇಕ್ ಇರೋದು ಹಿಂದಿನ ದೊಡ್ಡ ಗಾಲಿಗೆ, ಎಳಿಯೋ ಹಿಡಿತ ಇರೋದೂ ಅವಕ್ಕೇ. ಆ ಗಾಲಿ ನೆಲ ಹಿಡಿಯೋದು ಮ್ಯಾಲಿನ ಭಾರದಿಂದ. ಟ್ರೇಲರ್ ಹಿಂಭಾರ ಆಗಿ ಕೊಂಡಿನ ಮ್ಯಾಲಕ್ಕ ಎತ್ತಿದ್ರ ಆ ಗಾಲಿ ಹಗುರ ಆಗ್ತಾವ, ಅಂದ್ರ ಎಳಿಯೋ ಶಕ್ತಿನೂ ಹೋತು, ನಿಲ್ಲಿಸೋ ಶಕ್ತಿನೂ ಹೋತು. ಅದೂ ನಾಲಿ ಏರಿ ಇಳಿಯೋ ಮುಂದ, ಹಸಿ ಕಪ್ಪು ಮಣ್ಣಿನಾಗ! ಜೀಪಿನವರಿಗೆ ಇನ್ನೊಂದು ಕಾಟ. ಸ್ಪೀಡ್ ಏರಿದಂಗ ಟ್ರೇಲರ್ ಹಾವಿನಂಗ ಆ ಕಡೆ ಈ ಕಡೆ ಹೊಯ್ದಾಡಾಕ ಶುರು ಮಾಡ್ತೈತಿ. ಆಗ ಗಾಬರಿಯಾಗಿ ಗಕ್ಕನ ಬ್ರೇಕ್ ಹೊಡಿಬ್ಯಾಡ್ರಿ, ಸ್ಟೇರಿಂಗ್ ನೆಟ್ಟಗ ಹಿಡದು ಆಕ್ಸಿಲರೇಟರ್ ಬಿಡ್ರಿ.

ಹಂಗಾರ ಕೊಂಡಿ ಮ್ಯಾಲೆ ಎಷ್ಟು ಭಾರ ಇರಬೇಕು? ಜೀಪು, ಪಿಕಪ್ಪಿಗೆ ನಾ ಹೇಳೋ ಲೆಕ್ಕ 100ಕ್ಕ 10ರಿಂದ 15. ಖಾಲಿ ಟ್ರೇಲರ್ 350 ಕೆ.ಜಿ., ಮ್ಯಾಲೆ 75 ಕೆ.ಜಿ.ಯ 14 ಚೀಲ ಭತ್ತ ಅಂದ್ರ 1,050, ಒಟ್ಟು 1,400. ಅದರಾಗ 140ರಿಂದ 210 ಕೆ.ಜಿ. ಕೊಂಡಿ ಮ್ಯಾಲೆ ಕೂಡ್ರಬೇಕು, ಅಂದ್ರ ಹೆಚ್ಚುಕಡಿಮಿ ಎರಡರಿಂದ ಮೂರು ಚೀಲದ ತೂಕ. ಟ್ರ್ಯಾಕ್ಟರ್ ಟ್ರೇಲರ್ ಕೆಲವನ್ನ ಇದಕ್ಕಿಂತ ಜಾಸ್ತಿ ಮುಂಭಾರ ಇಟ್ಟೇ ಮಾಡಿರ್ತಾರ, ಹಂಗಾಗಿ ನಿಮ್ಮ ಗಾಡಿ ಪುಸ್ತಕದಾಗ ಏನೈತೋ ಅದೇ ಫೈನಲ್. ಹಂಗಂತ ಎಲ್ಲಾ ತಂದು ಮುಂದ ಒಟ್ಟಿದ್ರೂ ಎಳಿಯೋ ಗಾಡಿಯ ಮುಂದಿನ ಗಾಲಿ ಹಗುರಾಗಿ ಏರಿನಾಗ ಸ್ಟೇರಿಂಗ್ ಮಾತು ಕೇಳಂಗಿಲ್ಲ. ಅನುಮಾನ ಇದ್ರ ಚೀಲ ತೂಗೋ ಕಾಟಾ ತಂದು, ಟ್ರೇಲರ್ ಗಾಲಿಗೆ ಎರಡೂ ಕಡೆ ಕಲ್ಲು ಕೊಟ್ಟು, ಡ್ರಾಬಾರ್ ಕೊಂಡಿ ಎತ್ತರಕ್ಕೇ ನಿಲ್ಲಂಗ ಮಾಡಿ ತೂಗಿ ನೋಡ್ರಿ.

ಚೀಲ ಎಣಿಸಿದ್ರ ತೂಕ ಗೊತ್ತಾಗ್ತೈತಿ ಅಂತನೂ ತಿಳೀಬ್ಯಾಡ್ರಿ. ಯೂರಿಯಾ ಚೀಲ 45 ಕೆ.ಜಿ., ಡಿಎಪಿ 50, ಭತ್ತ 75, ನಮ್ಮವರಿಗೆ ಎಲ್ಲಾನೂ ಬರೇ ಚೀಲ. ಹಮಾಲರಿಗೂ ಹಿಂದಿನ ಬಾಗಲ ಹತ್ರನೇ ಒಟ್ಟಿದ್ರ ಸಲೀಸು, ಅವರನ್ನ ಬೈದು ಉಪಯೋಗಿಲ್ಲ, ಹೇರಿಸೋನು ನೀನು ನಿಂತು ನೋಡಬೇಕಪ್ಪಾ.

ಒಂದು ಸಲ ಏನಾತಂದ್ರ, ನಮ್ಮ ಗಿರಾಕಿ ಒಬ್ಬ ಹುಡುಗ, ಒಳ್ಳೆ ಹುಡುಗನೇ, ಹೇಳಿದ್ದು ಕೇಳೋನು, ನಾ ಹೇಳಿದಂಗೇ ಸರಿಯಾಗಿ ಹೇರಿಕೊಂಡು ಹೊಂಟಾನ. ದಾರ್ಯಾಗ ಅವರ ಸೋದರತ್ತಿ ಮನಿ ಮುಂದ ನಿಲ್ಲಿಸಿ ಆರು ಚೀಲ ಇಳಿಸ್ಯಾರ. ಹಿಂದಿನ ಬಾಗಲ ಗ್ವಾಡಿಗೆ ಹತ್ತಿತ್ತಂತ, ಅದಕ್ಕ ಮುಂದಿನವೇ ಆರು ತಗದಾರ. ಅತ್ತಿ ಚಾ ಕೊಟ್ಟಾಳ, ಕುಡದಾರ. ಟ್ರ್ಯಾಕ್ಟರ್ ಬ್ಯಾರೆ ಕೆಲಸಕ್ಕ ಬೇಕಂತ ಇವ ಬಗ್ಗಿ ಪಿನ್ ಜಗ್ಗ್ಯಾನ. ಪಿನ್ ಬಿಗಿ ಇತ್ತಂತ, ಸುತ್ತಿಗಿಲೆ ಬಡದು ಜಗ್ಗ್ಯಾನ, ಯಾಕ ಬಿಗಿ ಐತಿ ಅಂತ ಒಂದು ಗಳಿಗಿ ಯೋಚನಿ ಮಾಡಿಲ್ಲ. ಪಿನ್ ಬಂದಿದ್ದೇ ತಡ ಡ್ರಾಬಾರ್ ಗರ್ ಅಂತ ಎದ್ದು ಗದ್ದಕ್ಕ ಬಡೀತು. ಮುಂದಿನ ಎರಡು ಹಲ್ಲು ಹೋದ್ವು. ಅಂವ ಆಸ್ಪತ್ರಿಯಿಂದ ಬಂದು ನನಗ ಹೇಳಿದ್ದು, "ಅಣ್ಣಾ, ನೀ ಹೇರೋದು ಹೇಳಿದ್ದಿ, ಇಳಿಸೋದು ಹೇಳಿರಲಿಲ್ಲ". ಖರೇನೇ, ನಂದೇ ತಪ್ಪು. ಈಗ ಎಲ್ಲರಿಗೂ ಹೇಳ್ತೀನಿ, ಇಳಿಸೋ ಮುಂದ ಹಿಂದಿಂದ ಶುರು ಮಾಡ್ರಿ, ಪಿನ್ ಬಿಗಿ ಅನ್ನಿಸಿದ್ರ ಮುಟ್ಟಬ್ಯಾಡ್ರಿ, ಮೊದಲು ಭಾರ ಸರಿ ಮಾಡ್ರಿ.

ನೀರಿನ ಟ್ಯಾಂಕರ್‌ನವರದೂ ಇದೇ ಹಾಡು. ಬ್ಯಾಸಗ್ಯಾಗ ರಾಯಚೂರು ಕಡೆ 40 ಡಿಗ್ರಿ ದಾಟಿದ ಬಿಸಿಲಿನಾಗ ಹಳ್ಳಿ ಹಳ್ಳಿಗೆ ಓಡಾಡ್ತಾವ, ತುಂಬಿದ ಟ್ಯಾಂಕು ಪರವಾಗಿಲ್ಲ, ಅರ್ಧ ಆದ ಟ್ಯಾಂಕೇ ಅಪಾಯ. ಏರು ಹತ್ತೋ ಮುಂದ ನೀರೆಲ್ಲ ಹಿಂದಕ್ಕ ಸರದು ಹಿಂಭಾರ ಆಗ್ತೈತಿ. ನೀರು ಒಮ್ಮೆಲೆ ಸರಿಲಾರದಂಗ ಒಳಗ ತೂತಿರೋ ಅಡ್ಡ ತಗಡು ಹಾಕಿಸ್ರಿ ಅಂದ್ರ ಖರ್ಚು ಅಂತಾರ.

ಬೇರಿಂಗ್ ವಿಷಯ ಒಂದೇ ಮಾತು. ಓಡಿ ಬಂದು ಹಬ್, ಅಂದ್ರ ಬೇರಿಂಗ್ ಕೂಡ್ರೋ ಗಾಲಿಯ ನಡುಭಾಗ, ಬಿಸಿ ಇದ್ದಂಗೇ ಟ್ರೇಲರನ್ನ ಕಾಲುವಿ ನೀರಿಗೆ ಇಳಿಸಿ ತೊಳೀಬ್ಯಾಡ್ರಿ, ತಣ್ಣಗಾಗೋ ಮುಂದ ಅದು ಸೀಲ್ ಸಂದಿನಿಂದ ನೀರು ಎಳಕೊಳ್ತೈತಿ, ಬಿಚ್ಚಿ ನೋಡಿದ್ರ ಗ್ರೀಸ್ ಮಜ್ಜಗಿ ಆಗಿರ್ತೈತಿ. ಗಾಲಿ ಬಿಚ್ಚಿ ಹಾಕಿಸಿದ್ರ ಒಂದು 50 ಕಿ.ಮೀ. ಓಡಿಸಿ ನಟ್ಟು ಮತ್ತ ಬಿಗಿ ಮಾಡ್ರಿ. ಹುಲ್ಲು ಹೇರಿದಾಗ ಹಿಂದಿನ ಕೆಂಪು ರಿಫ್ಲೆಕ್ಟರ್ ಮುಚ್ಚಿಹೋಗ್ತೈತಿ, ಅದನ್ನ ನೋಡಿಕೊಳ್ರಿ.

ಸೇಫ್ಟಿ ಚೈನ್ ಹಾಕ್ತೀನಿ ಅಂದ್ರ "ಪಿನ್ ಗಟ್ಟಿ ಐತಲ್ಲ" ಅಂತ ನಗ್ತಾರ. 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಂನ 19ನೇ ಗೇಟು ಒಂದು ಚೈನ್ ಕಡದು ಕೊಚ್ಚಿ ಹೋದಾಗ ನಾವೆಲ್ಲ ಜೀವ ಕೈಯಾಗ ಹಿಡಕೊಂಡು ಕುಂತಿದ್ವಿ, ನೆನಪೈತಿಲ್ಲೋ? ಒಂದು ಕಡದ್ರ ಹಿಡಿಯಾಕ ಇನ್ನೊಂದು ಬೇಕೋ ಬ್ಯಾಡೋ ನೀವೇ ಹೇಳ್ರಿ. ಎರಡು ಚೈನ್, ಡ್ರಾಬಾರ್ ಕೆಳಗ ಕತ್ತರಿ ಹಾಕಿ, ತಿರುವಿನಾಗ ಜಗ್ಗಲಾರದಷ್ಟು ಸಡಿಲ, ನೆಲಕ್ಕ ತಾಗಲಾರದಷ್ಟು ಬಿಗಿ.

ಆ ಹುಡುಗನ ಹಲ್ಲು ಹೋದಮ್ಯಾಲೆ ನಾನೊಂದು ರೂಢಿ ಮಾಡಿಕೊಂಡೀನಿ. ನಮ್ಮ ಶೆಡ್ಡಿನಿಂದ ಹೊರಬೀಳೋ ಟ್ರೇಲರ್‌ಗೆಲ್ಲ ಅಚ್ಚಿನ ನೇರಕ್ಕ ಎರಡೂ ಬದಿ ತಗಡಿನ ಮ್ಯಾಲೆ ಹಳದಿ ಗೀಟು ಹೊಡೀತೀನಿ, ಗೀಟಿನ ಹಿಂದಕ್ಕಿಂತ ಮುಂದ ಸ್ವಲ್ಪ ಜಾಸ್ತಿ ಇರಬೇಕು ಅಂತ. ಸುಮಾರು ಮಂದಿ ಡಿಸೈನ್ ಅಂತ ತಿಳ್ಕೊಂಡಾರ. ಹೋದ ವಾರ ಒಬ್ಬಾಂವ ಪಾಟಾ (ಸ್ಪ್ರಿಂಗ್ ಪಟ್ಟಿ) ಬದಲಿ ಮಾಡಿಸಾಕ ತಂದಾನ, ನೋಡಿದ್ರ ಗೀಟು ಅಳಿಸಿ ಆ ಜಾಗದಾಗ ದೊಡ್ಡ ಅಕ್ಷರದಾಗ "ತಾಯಿ ಆಶೀರ್ವಾದ" ಬರಸ್ಯಾನ. ನಾ ಏನೂ ಮಾತಾಡಲಿಲ್ಲ, ಬ್ರಷ್ ತಗೊಂಡು ಇದ್ದ ಜಾಗಕ್ಕೇ ಮತ್ತ ಗೀಟು ಹೊಡದೆ, "ಆಶೀ" ಮುಂದಾತು, "ರ್ವಾದ" ಹಿಂದಾತು. ಅದಕ್ಕ ದುಡ್ಡು ತಗೊಳ್ಳಲಿಲ್ಲ.